ಆಕಡಿ ದಂಡಿ ಇಲ್ಲದ ಬೆಣ್ಣಿಹಳ್ಳ

ನಾನು ಸಮುದ್ರ ನೋಡಿದ್ದು ಒಂದೇ ಸಲ, ಕಾಲೇಜಿನ ಟ್ರಿಪ್ಪಿನಲ್ಲಿ, ಕಾರವಾರದ ದಂಡೆಯ ಮೇಲೆ. ನೀರು ಮುಟ್ಟಲೋ ಬೇಡವೋ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ವಿಚಾರ ಮಾಡುತ್ತ ನಿಂತಿದ್ದೆ. ನನ್ನ ವಿಚಾರ ಮುಗಿಯುವ ತನಕ ತೆರೆ ಕಾಯಲಿಲ್ಲ. ಪ್ಯಾಂಟು ಮೊಳಕಾಲ ತನಕ ತೋಯ್ದಿತು, ಗಾಬರಿಗೆ ಎರಡೂ ಚಪ್ಪಲಿ ಕೈಬಿಟ್ಟೆ. ಒಂದು ಸಿಕ್ಕಿತು, ಇನ್ನೊಂದನ್ನು ಸಮುದ್ರ ಇಟ್ಟುಕೊಂಡಿತು. ಒಂಟಿ ಚಪ್ಪಲಿ ಹಾಕಿಕೊಂಡು ನವಲಗುಂದದಲ್ಲಿ ಬಸ್ಸಿಳಿದ ಆ ದಿನದಿಂದ ನನಗೆ ಸಮುದ್ರದ ಹುಚ್ಚು ಹತ್ತಿದೆ. ಹುಚ್ಚು ಅಂದರೆ ದೂರದ ಹುಚ್ಚು. ಕುರ್ಚಿಯ ಮೇಲೆ ಕುಳಿತು, ಪುಸ್ತಕದೊಳಗೆ. ಈಜು ಬರುವುದಿಲ್ಲ, ಬೆಣ್ಣಿಹಳ್ಳದ ಸೇತುವೆ ದಾಟುವಾಗ ಬಸ್ಸಿನಲ್ಲಿ ಇವತ್ತಿಗೂ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ.

ಮೊರಬದ ಹಾದಿಗೆ ಹತ್ತಿದ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಶಾಲೆಯ ಸುತ್ತ ಕಣ್ಣು ಹಾಯುವ ತನಕ ಕಪ್ಪು ಮಣ್ಣಿನ ಎರಿ ಹೊಲ. ಗುಡ್ಡವಿಲ್ಲ, ಕಾಡಿಲ್ಲ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಮಣ್ಣಿನ ಭಾರಕ್ಕೆ ಮಾಸ್ತರರು ಮಕ್ಕಳು ಎಲ್ಲರೂ ಒಂದೇ ನಮೂನೆ ನಡೆಯುತ್ತೇವೆ. ಇಂಥಲ್ಲಿ ಏಳನೇ ಇಯತ್ತೆಯ ಮಕ್ಕಳಿಗೆ ನಾನು ಕಡೇ ಪಿರಿಯಡ್ಡಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳುತ್ತಿದ್ದುದು ಒಂದು ಸಮುದ್ರದ ಕಾದಂಬರಿ. ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸಿಕ್ಕ ದಪ್ಪನೆಯ ಹಳೆ ಪುಸ್ತಕ. ಮುಂದಿನ ರಟ್ಟು, ಮೊದಲ ಹಾಳೆಗಳು ಕಿತ್ತುಹೋಗಿ ಅದರ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ. ಒಂದೂ ಚಿತ್ರವಿಲ್ಲ. ಪಾಠದ ಕೊನೆಗೆ ಪ್ರಶ್ನೆಗಳಿಲ್ಲ, ‘ಬಿಟ್ಟ ಸ್ಥಳ ತುಂಬಿರಿ’ ಇಲ್ಲ. ಒಂದೊಂದು ವಾಕ್ಯ ಅರ್ಧ ಪುಟ ಹೋಗುತ್ತದೆ. ಹಾಯಿ, ಚುಕ್ಕಾಣಿ, ಲಂಗರು, ಅಳಿವೆ ಎಂದು ಎರಿ ಸೀಮೆಯಲ್ಲಿ ಯಾರಿಗೂ ಉಪಯೋಗವಿಲ್ಲದ ಶಬ್ದಗಳು ಅದರ ತುಂಬ. ಮಕ್ಕಳಿಗೆ ತಿಳಿಯಲೆಂದು ಸಣ್ಣದು ಮಾಡಿ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಆ ದೊಡ್ಡ ವಾಕ್ಯಗಳನ್ನು ದೊಡ್ಡ ದನಿಯಲ್ಲಿ ಓದುವಾಗ ನನಗೆ ನಾನೇ ಹಡಗು ನಡೆಸಿದ ಹಾಗೆ ಆಗುತ್ತದೆ. ಆ ಚೈನಿ ಬಿಡಲಿಕ್ಕೆ ಆಗಲಿಲ್ಲ.

ಕಥೆ ಇಷ್ಟೇ. ಉಪ್ಪು, ಹೆಂಚು ಹೇರಿಕೊಂಡು ಊರೂರು ತಿರುಗುವ ಹಾಯಿ ಹಡಗೊಂದಕ್ಕೆ ಒಬ್ಬ ಮುದುಕ ತಂಡೇಲ, ಅಂದರೆ ನಡೆಸುವ ಯಜಮಾನ. ಅವನಿಗೆ ಕಣ್ಣು ಮಂಜಾಗುತ್ತ ಬಂದಿವೆ. ಆ ಸಂಗತಿಯನ್ನು ಆಳುಗಳಿಗೆ ಗೊತ್ತಾಗದಂತೆ ಮುಚ್ಚಿಟ್ಟು, ಬಂಡೆಗೆ ತೆರೆ ಬಡಿಯುವ ಸಪ್ಪಳದ ಮೇಲೆ ಅವನು ದಾರಿ ಹಿಡಿಯುತ್ತಾನೆ. ಊರು ಮುಟ್ಟುತ್ತಾನೋ ಇಲ್ಲವೋ?

ಈ ಪ್ರಶ್ನೆಯ ಉತ್ತರ ನನ್ನನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಇಷ್ಟು ವರ್ಷಗಳಲ್ಲಿ ಒಂದು ವರ್ಷವೂ ನಾನು ವರ್ಗದಲ್ಲಿ ಆ ಪುಸ್ತಕ ಓದಿ ಮುಗಿಸಿರಲಿಲ್ಲ. ಒಂದು ಸಲ ಚುನಾವಣೆ ಕೆಲಸ ಬಂತು. ಒಂದು ಸಲ ಮನೆ ಮನೆ ಸಮೀಕ್ಷೆ. ಒಂದು ಸಲ, ‘ಓದುವ ಹವ್ಯಾಸ ಬೆಳೆಸುವುದು ಹೇಗೆ’ ಎಂಬ ತರಬೇತಿಗೆ ನನ್ನನ್ನು ಧಾರವಾಡಕ್ಕೆ ಕರೆಸಿಕೊಂಡಿದ್ದರಿಂದ ಓದುವುದು ನಿಂತಿತು. ಅರ್ಧ ಕಥೆ ಕೇಳಿದ ಹುಡುಗರು ಈಗ ದೊಡ್ಡವರಾಗಿ ಟ್ರ್ಯಾಕ್ಟರ್ ಹೊಡೆಯುತ್ತಾರೆ. ದಾರಿಯಲ್ಲಿ ಸಿಕ್ಕರೆ ಇಂಜಿನ್ ಬಂದ್ ಮಾಡದೆ, “ಸರ, ಆ ಕುಡ್ಡ ತಂಡೇಲ ಏನಾದ್ರಿ?” ಎಂದು ಒದರುತ್ತಾರೆ. ಟ್ರ್ಯಾಕ್ಟರಿನ ಸಪ್ಪಳದಲ್ಲಿ ಕಾದಂಬರಿಯ ಕೊನೆ ಹೇಳುವುದು ಹೇಗೆ? ಕೈ ಮುಂದೆ ಮಾಡಿ ‘ನಡಿ ನಡಿ’ ಎನ್ನುತ್ತೇನೆ. ಜೀವಮಾನದಲ್ಲಿ ಒಂದೇ ಒಂದು ಸಲ, ಒಂದೇ ಒಂದು ವರ್ಗದ ಜೊತೆ ಆ ಪುಸ್ತಕದ ಕೊನೇ ಪುಟ ಮುಟ್ಟಬೇಕು ಎಂಬುದು ನನ್ನ ಆಸೆಯಾಗಿತ್ತು. ಈ ವರ್ಷ ಮುಟ್ಟುವ ಲಕ್ಷಣ ಕಾಣುತ್ತಿತ್ತು. ಅದೇ ನನಗೆ ಹೆದರಿಕೆ.

ನಮ್ಮ ಶಾಲೆಯ ಮುಖ್ಯಸ್ಥರು ಊರವರ ಬಾಯಲ್ಲಿ ಹೆಡ್ ಅಕ್ಕೋರು. ಅವರ ಹುಚ್ಚು ಕೌದಿ. ಹಳೇ ಸೀರೆ ಧೋತರ ಹರಿದು ತುಂಡು ಕೂಡಿಸಿ ಹೊಲಿಯುವ ಕೌದಿಯ ಮೇಲೆಯೇ ಅವರು ತ್ರಿಕೋನ, ಚೌಕೋನ, ಕ್ಷೇತ್ರಫಲ ಎಲ್ಲ ಕಲಿಸುತ್ತಾರೆ. ಆ ಮಕ್ಕಳು ಮನೆಗೆ ಹೋಗಿ ಅವ್ವಂದಿರ ಕೌದಿಯ ಮೂಲೆ ಅಳೆದು ತಪ್ಪು ಹುಡುಕುತ್ತಾರೆ. ಹೀಗಾಗಿ ನನ್ನ ಹುಚ್ಚಿಗೆ ಅವರು ಅಡ್ಡ ಬರಲಿಲ್ಲ. ಒಂದೇ ಮಾತು ಹೇಳಿದ್ದರು: “ಪರೀಕ್ಷಾ ಬಂದುವ್ರಿ ಸರ. ಬರೂ ಸೋಮವಾರದಿಂದ ಕಡೇ ಪಿರಿಯಡ್ ಪುನರಾವರ್ತನಿಗೆ. ಶನಿವಾರದೊಳಗ ನಿಮ್ಮ ಹಡಗ ಎಲ್ಲೆರ ನಿಂದರ್ಸ್ರಿ.”

ಇಷ್ಟೇ ಆಗಿದ್ದರೆ ಒಂದು ಚಿಂತೆ. ನನಗೆ ಒಂದೇ ಚಿಂತೆ ಇಟ್ಟುಕೊಂಡು ರೂಢಿಯಿಲ್ಲ. ದೀಪಾವಳಿ ಆದ ಮೇಲೆ ಒಂದು ದಿನ ಒಬ್ಬ ಅಜ್ಜಿ ಊದಿನಕಡ್ಡಿ, ಎರಡು ನಿಂಬೆಹಣ್ಣು ಹಿಡಿದುಕೊಂಡು ವರ್ಗದ ಬಾಗಿಲಿಗೆ ಬಂದು ನಿಂತಿದ್ದಳು. ನಮ್ಮ ವರ್ಗದ ಅತಿ ದೊಡ್ಡ ಮಾತುಗಾರ್ತಿ, ಮೊದಲ ಸಾಲಿನ ಒಬ್ಬ ಹುಡುಗಿ, ಅವಳ ಮೊಮ್ಮಗಳು. “ಮಾಸ್ತರ, ನೀವು ಸಾಲ್ಯಾಗ ಪುರಾಣ ಹಚ್ಚೀರಂತಲ್ರಿ. ನಮ್ಮ ಕೂಸು ದಿನಾ ಬಂದು ಹೇಳತೈತಿ. ಅದಕ್ಕ ಊದಿನಕಡ್ಡಿ ತಂದೀನಿ.”

“ಯಮ್ಮಾ, ಅದು ಪುರಾಣ ಅಲ್ರಿ. ಬರೇ ಕಥಿ ಪುಸ್ತಕ.”

“ಅದರಾಗ ಒಬ್ಬ ಒಳ್ಳೇ ಮನಷ್ಯಾ ಕಷ್ಟಾ ಪಡತಾನಿಲ್ಲೋ?”

“ಪಡತಾನ್ರಿ.”

“ದಿನಾ ಒಂದ ಹೊತ್ತಿಗೆ ಓದತೀರಿಲ್ಲೋ?”

“ಓದತೀನ್ರಿ.”

“ಕೇಳಾಕ ಮಂದಿ ಕುಂದರತಾರಿಲ್ಲೋ?”

“ಕುಂದರತಾರ್ರಿ, ಗಂಟಿ ಹೊಡಿಯೂ ತನಾ.”

“ಮತ್ತ ಪುರಾಣ ಅಲ್ಲಂದ್ರ ಹೆಂಗ್ರಿ?”

ಶ್ರಾವಣದಲ್ಲಿ ಮಠದಲ್ಲಿ ಹಚ್ಚುವ ಪುರಾಣವೂ ಇದೇ ನಮೂನೆಯದು: ಒಬ್ಬರು ಓದುವವರು, ಇನ್ನೊಬ್ಬರು ಅರ್ಥ ಹೇಳುವವರು, ಕೇಳಲು ಊರ ಮಂದಿ, ಕೊನೇ ದಿನ ಮಂಗಲ ಮಾಡಿ ಕಾಯಿ ಒಡೆದು ಪ್ರಸಾದ. ಅಜ್ಜಿ ಹೋಗುವಾಗ ಬಾಗಿಲಲ್ಲಿ ತಿರುಗಿ ಹೇಳಿದಳು: “ಹಚ್ಚಿದ ಪುರಾಣ ಮಂಗಲಾ ಮಾಡ್ದ ಬಿಡಬಾರ್ದ್ ನೋಡ್ರಿ ಮಾಸ್ತರ. ಊರಿಗೆ ಛಲೋ ಅಲ್ಲ. ಹಿಂದ ಒಮ್ಮಿ ಮೈಕ್ ಸೆಟ್ಟಿನ ಜಗಳಕ್ಕ ಸ್ವಾಮ್ಗೋಳು ನಡುವ ಬಿಟ್ಟು ಎದ್ದು ಹ್ವಾದ್ರು. ಆ ವರ್ಷ ಕುಸುಬಿಗೆ ಹೇನು ಬಿತ್ತು.”

ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಮರುದಿನದಿಂದ ಬಸ್ಸಿನ ಕಿಟಕಿ ಪಕ್ಕ ಕುಳಿತು ಕುಸುಬಿ ಹೊಲ ನೋಡತೊಡಗಿದೆ.

ಕೊನೆಯ ವಾರ, ಮಂಗಳವಾರ ಬೆಳಿಗ್ಗೆ, ಚಹಾ ಬೇಕೆಂದು ಕೇಳಲು ಬಾಯಿ ತೆರೆದರೆ ದನಿಯೇ ಇಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಸುಯ್ ಎಂದಿತು. ನಾನು ತಕ್ಷಣ ಮೊಬೈಲಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಮೂರು ಭಯಂಕರ ರೋಗಗಳಲ್ಲಿ ಯಾವುದು ನನಗೆ ಒಪ್ಪುತ್ತದೆ ಎಂದು ತೂಗಿ, ಎರಡನೆಯದನ್ನು ಆರಿಸಿಕೊಂಡು, ಮನೆಯಾಕೆಗೆ ಮೊಬೈಲ್ ತೋರಿಸಿದೆ. ಆಕೆ ನೋಡದೆಯೇ, “ಎರೀ ಹೊಲದಾಗ ನಿಂತು ದಿನಾ ಸಮುದ್ರಾ ಸಮುದ್ರಾ ಅಂತ ಒದರಿದ್ರ ಗಂಟಲಾ ಬೀಳದ ಹೂವ ಬೀಳತಾವೇನ್ರಿ?” ಎಂದಳು. ನವಲಗುಂದದ ಡಾಕ್ಟರು ಟಾರ್ಚು ಹಾಕಿ ನೋಡಿ, ಒಂದು ವಾರ ಮಾತು ಪೂರಾ ಬಂದ್, ಪಿಸುಮಾತೂ ಬೇಡ, ಎಣ್ಣೆ ಕೊಬ್ಬರಿ ತಿನ್ನುವಂತಿಲ್ಲ ಎಂದರು. ಇಷ್ಟೇನಾ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು. ಮನೆಯಾಕೆ ಮಾತ್ರ, “ವಾರ ಸಾಕೇನ್ರಿ ಡಾಕ್ಟರ? ಬೇಕಾದ್ರ ಇನ್ನೊಂದೆರಡು ದಿನಾ ಹಾಕ್ರಿ” ಎಂದಳು.

ಶನಿವಾರದೊಳಗೆ ಮುಗಿಸಲು ಇನ್ನೂ ಮೂರು ಅಧ್ಯಾಯ ಉಳಿದಿದ್ದವು. ಓದುವವನಿಗೆ ದನಿಯಿಲ್ಲ. ಈ ವರ್ಷವೂ ಆಯಿತು ಎಂದುಕೊಂಡೆ. ಬುಧವಾರ ಕಡೇ ಪಿರಿಯಡ್ಡಿಗೆ ಹೋಗಿ ಹಲಗೆಯ ಮೇಲೆ ‘ನನಗೆ ದನಿ ಇಲ್ಲ. ಕಥೆ ಇಲ್ಲ’ ಎಂದು ಬರೆದೆ. ಮಕ್ಕಳು ಅದನ್ನು ಓದಿ ನನ್ನ ಕಡೆ ನೋಡಿದರು. ಕನಿಕರದಿಂದಲ್ಲ, ಬಸ್ಸು ಕೆಟ್ಟಾಗ ಡ್ರೈವರನ ಕಡೆ ನೋಡುತ್ತಾರಲ್ಲ, ಹಾಗೆ.

ಮಾತುಗಾರ್ತಿ ಎದ್ದು ನಿಂತಳು. “ಸರ, ದನಿ ನಿಮಗಿಲ್ಲ. ಪುಸ್ತಕಕ್ಕೇನ ಆಗೇತ್ರಿ? ಮಠದಾಗ ಮಾಡ್ತಾರಲ್ರಿ, ಹಂಗ ಮಾಡೂಣು. ಒಬ್ರು ಓದೂದು, ಒಬ್ರು ಅರ್ಥಾ ಹೇಳೂದು.”

“ಅರ್ಥಾ ಯಾರ ಹೇಳಾವ್ರು?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಯಾವುದನ್ನೂ ಸುಮ್ಮನೆ ಒಪ್ಪದ, ಎಲ್ಲದಕ್ಕೂ ತಕರಾರು ತೆಗೆಯುವ ಹುಡುಗ ಇವನು.

“ನಾನು,” ಎಂದಳು ಅವಳು, ಇದನ್ನೇನು ಕೇಳುವುದು ಎಂಬಂತೆ.

ಓದಲಿಕ್ಕೆ ವರ್ಗದ ಅತಿ ದೊಡ್ಡ ದನಿಯ ಹುಡುಗನನ್ನು ಆರಿಸಿದರು. ಅವನ ಓದು ಕಂಡಕ್ಟರ್ ಊರು ಕೂಗಿದ ಹಾಗೆ. ತಂಡೇಲನ ಕಣ್ಣೀರನ್ನೂ ‘ಮೊರಬ, ಶಲವಡಿ, ಅಣ್ಣಿಗೇರಿ’ ಎನ್ನುವ ಧಾಟಿಯಲ್ಲೇ ಓದುತ್ತಾನೆ. ಮಠದಲ್ಲಿ ಅರ್ಥ ಹೇಳುವವರಿಗೆ ಗಾದಿ ಹಾಕುತ್ತಾರೆಂದು ನನ್ನ ಕುರ್ಚಿಯನ್ನು ಅವಳಿಗೆ ಕೊಟ್ಟರು, ಮೇಜಿನ ಬಾಜು ಓದುವವನನ್ನು ನಿಲ್ಲಿಸಿದರು. ನನ್ನನ್ನು ತಕರಾರಿನವನ ಬಾಜು ಕೂಡಿಸಿದರು. ಬೆಂಚು ನನ್ನ ಅಳತೆಯದಲ್ಲ. ಮೊಳಕಾಲು ಗದ್ದಕ್ಕೆ ಬಂದಿತ್ತು.

ಮೊದಲ ವಾಕ್ಯವೇ ಸಮುದ್ರದ್ದು, ಅರ್ಧ ಪುಟದ್ದು. ಅವನು ಉಸಿರು ಬಿಡದೆ ಕೂಗಿ ಮುಗಿಸಿದ. ಅವಳು ಮಠದವರ ಹಾಗೆ ಒಂದು ಸಲ ಕೆಮ್ಮಿದಳು.

“ಅಂದ್ರ ಏನಪಾ ಅಂದ್ರ, ಮಳಿಗಾಲದಾಗ ಬೆಣ್ಣಿಹಳ್ಳ ಬರ್ತೈತಿಲ್ಲೋ? ಬಸ್ಸು ಆಕಡಿ ನಿಂದರ್ತೈತಿ, ಮಂದಿ ಈಕಡಿ ನಿಂದರ್ತಾರ. ಸಮುದ್ರ ಅಂದ್ರ ಆಕಡಿ ದಂಡಿನ ಇಲ್ಲದ ಬೆಣ್ಣಿಹಳ್ಳ. ಆಕಡಿ ಬಸ್ಸೂ ಇಲ್ಲ, ಮಂದೀನೂ ಇಲ್ಲ. ಬರೇ ಬರ್ತಾನ ಇರ್ತೈತಿ.”

ವರ್ಗ ತಲೆದೂಗಿತು. ನಾನೂ. ಸಮುದ್ರದ ವರ್ಣನೆಗೆ ನಾನು ಮೊದಲ ವಾರವೆಲ್ಲ ಸವೆಸಿದ್ದೆ, ಹಲಗೆಯ ತುಂಬ ನೀಲಿ ಖಡುವಿನಿಂದ ತೆರೆ ಬರೆದಿದ್ದೆ.

ಆದರೆ ಎಲ್ಲ ಅರ್ಥವೂ ಹೀಗೇ ಇರಲಿಲ್ಲ. ಲಂಗರು ಎಂದರೆ ಎತ್ತು ಕಟ್ಟುವ ಗೂಟ ಎಂದಳು, ಇರಲಿ. ಅಳಿವೆ ಎಂದರೆ ಅಳುವ ಜಾಗ, ಗಂಡಂದಿರು ಹಡಗು ಹತ್ತಿ ಹೋಗುವಾಗ ಹೆಂಗಸರು ಅಲ್ಲಿ ನಿಂತು ಅಳುತ್ತಾರೆ ಎಂದಾಗ ನನ್ನೊಳಗಿನ ಕನ್ನಡ ಮಾಸ್ತರನಿಗೆ ತಡೆಯಲಾಗಲಿಲ್ಲ. ಹೊಳೆ ಸಮುದ್ರಕ್ಕೆ ಕೂಡುವ ಬಾಯಿ ಅದು ಎಂದು ಹೇಳಲು ಬೆರಳೆತ್ತಿದೆ. ಅವಳು ಗಾದಿಯ ಮೇಲಿಂದ ನೋಡಿ ದೊಡ್ಡ ಮನಸ್ಸು ಮಾಡಿ, “ಹೋಗಿ ಬರ್ರಿ ಸರ, ಬಾಗಿಲಾ ಮುಂದ ಮಾಡ್ಕೊಂಡು ಹೋಗ್ರಿ” ಎಂದಳು. ಇಡೀ ವರ್ಗ ನಾನು ಒಂದಕ್ಕೆ ಹೋಗುವುದನ್ನೇ ಕಾಯುತ್ತ ಕುಳಿತಿತು. ಹೋಗದೆ ಗತಿಯಿರಲಿಲ್ಲ. ಹೋಗಿ, ಮೂತ್ರಖಾನೆಯ ಗೋಡೆ ನೋಡುತ್ತ ಸ್ವಲ್ಪ ಹೊತ್ತು ನಿಂತು ಬಂದೆ.

ಗುರುವಾರ ತಂಡೇಲನ ಕುರುಡಿನ ಸಂಗತಿ ಬಂತು. ಅವಳು ಅದಕ್ಕೆ ತನ್ನ ಅಜ್ಜನನ್ನು ತಂದಳು. “ನಮ್ಮಜ್ಜಗೂ ಕಣ್ಣಾಗ ಪೊರಿ ಬಂದೈತಿ. ಆದ್ರೂ ಚಕ್ಕಡಿ ಹೂಡಿ ಹೊಲಕ್ಕ ಹೊಕ್ಕಾನ, ಹೊಳ್ಳಿ ಮನಿಗೆ ಬರ್ತಾನ. ಹೆಂಗ? ಎತ್ತಿಗೆ ದಾರಿ ಗೊತ್ತೈತಿ. ಅಜ್ಜ ಬರೇ ಮ್ಯಾಲ ಕುಂತು ಹೋ ಹೋ ಅಂತಾನ. ಹಂಗ, ಹಡಗಕ್ಕ ದಾರಿ ಗೊತ್ತಿರ್ತೈತಿ.”

ನನ್ನ ಬಾಜುದವನು ಎದ್ದ. “ಎತ್ತು ಮೇವಿಗೆ ಮನಿಗೆ ಬರ್ತೈತಿ. ಹಡಗಕ್ಕ ಹೊಟ್ಟಿ ಐತೇನ್? ಅದಕ್ಕ ಹಸಿವಿನ ಇಲ್ಲ. ಅದ್ಯಾಕ ಮನಿಗೆ ಬರ್ತೈತಿ?”

ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ವರ್ಗ ಎಂದೂ ನೋಡಿರಲಿಲ್ಲ. ಇಪ್ಪತ್ತು ವರ್ಷ ಆ ಪುಸ್ತಕ ಓದಿದ ನಾನೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಆಗ ಗೋಡೆಯಾಚೆಯಿಂದ ದನಿ ಬಂತು. ನಮ್ಮ ವರ್ಗಕ್ಕೂ ಆಫೀಸಿಗೂ ನಡುವಿನ ಗೋಡೆ ಮೇಲಿನ ತಗಡು ಮುಟ್ಟುವುದಿಲ್ಲ. “ಏ, ಯಾಕ ಗಪ್ಪಾದ್ರಿ? ಹೇಳ್ರಿ, ಯಾಕ ಬರ್ತೈತಿ?” ಹೆಡ್ ಅಕ್ಕೋರು! ಇಷ್ಟು ದಿನ ಇವರೂ ಆಚೆ ಕುಳಿತು ಕಥೆ ಕೇಳುತ್ತಿದ್ದಾರೆಂದು ಅವತ್ತೇ ನನಗೆ ಗೊತ್ತಾದದ್ದು. ಗಂಟೆ ಹೊಡೆಯಿತು. ಉತ್ತರ ಅಲ್ಲಿಗೇ ಉಳಿಯಿತು.

ಶುಕ್ರವಾರ ಇನ್ನೊಂದು ಅಧ್ಯಾಯ ಮುಗಿದು, ಒಂದೇ ಉಳಿಯಿತು. ಬಸ್ಸಿನಲ್ಲಿ ಮನೆಗೆ ಮರಳುವಾಗ ನನಗೆ ಕುಸುಬಿಯ ನೆನಪೂ ಆಗಲಿಲ್ಲ, ಅಷ್ಟು ದೊಡ್ಡ ಚಿಂತೆ ಹತ್ತಿತ್ತು. ಯಾಕೆಂದರೆ ಆ ಕಾದಂಬರಿಯ ಕೊನೆ ನನಗೆ ಗೊತ್ತು. ಅದರಲ್ಲಿ ತಂಡೇಲ ಊರು ಮುಟ್ಟುವುದೇ ಇಲ್ಲ. ಮುಳುಗುವುದೂ ಇಲ್ಲ. ಅಳಿವೆಯ ಹತ್ತಿರ ದಟ್ಟ ಮಂಜು ಬೀಳುತ್ತದೆ. ದಂಡೆಯಿಂದ ಅವನ ಹೆಂಡತಿ ಹಿತ್ತಾಳೆಯ ತಾಟು ಬಡಿದು ಕೂಗುತ್ತಾಳೆ. ಅವನು ಚುಕ್ಕಾಣಿಯನ್ನು ಆ ದನಿಯತ್ತ ಹೊರಳಿಸುತ್ತಾನೆ. ಅಷ್ಟೇ, ಪುಸ್ತಕ ಮುಗಿಯಿತು. ನನಗೆ ಆ ಕೊನೆ ಓದಿದಾಗಲೆಲ್ಲ ರೋಮಾಂಚನ. ಆದರೆ ಊದಿನಕಡ್ಡಿ ತಂದ ಅಜ್ಜಿಗೆ? ದಂಡೆ ಮುಟ್ಟದ ಕಥೆಗೆ ಮಂಗಲ ಹೇಗೆ ಮಾಡುವುದು? ‘ಹಡಗು ಸುಖವಾಗಿ ದಡ ಸೇರಿತು’ ಎಂದು ಒಂದು ಸಾಲು ನಾನೇ ಬರೆದು ಪುಸ್ತಕದ ಕೊನೆಗೆ ಅಂಟಿಸಿಬಿಡಲೇ ಎಂದೂ ವಿಚಾರ ಬಂತು. ಅಂಟು ತರಲು ಅಂಗಡಿಗೂ ಹೋದೆ. ಏನು ಬೇಕೆಂದು ಬಾಯಿಬಿಟ್ಟು ಕೇಳಲು ದನಿಯಿರಲಿಲ್ಲ; ಕೈಸನ್ನೆಗೆ ಅಂಗಡಿಯವನು ಬಾಮ್ ಡಬ್ಬಿ ಕೊಟ್ಟ. ಇದೂ ಇರಲಿ ಎಂದು ತೆಗೆದುಕೊಂಡು ಬಂದೆ.

ಶನಿವಾರ ಮುಂಜಾನೆಯ ಶಾಲೆ. ಕಡೇ ಪಿರಿಯಡ್ಡಿಗೆ ಅಜ್ಜಿ ಹಾಜರು, ಕೈಯಲ್ಲಿ ಕಾಯಿ. ಬಾಗಿಲ ಹತ್ತಿರ ನೆಲದ ಮೇಲೆಯೇ ಕುಳಿತಳು. ಓದುವವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ಅಧ್ಯಾಯ ನಡೆಯಿತು. ಮಂಜು ಬಿತ್ತು, ಆಳುಗಳು ಜಗಳಾಡಿದರು, ತಂಡೇಲನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಮಕ್ಕಳು ಮುಂದಕ್ಕೆ ಬಗ್ಗಿದರು. ನಾನು ಡೆಸ್ಕಿನ ಕಟ್ಟಿಗೆ ಹಿಡಿದುಕೊಂಡೆ, ಬಸ್ಸಿನ ಕಂಬಿ ಹಿಡಿದ ಹಾಗೆ. ಅವನು ಕೊನೆಯ ಸಾಲನ್ನು ಕೂಗಿದ: “ತಂಡೇಲ ಚುಕ್ಕಾಣಿಯನ್ನು ಆ ದನಿಯತ್ತ ಹೊರಳಿಸಿದ.” ಪುಟ ತಿರುವಿದ. ಖಾಲಿ ಹಾಳೆ. ಮತ್ತೊಂದು ತಿರುವಿದ. ರಟ್ಟು.

“ಮುಂದ?” ಎಂದಿತು ವರ್ಗ.

“ಮುಂದಿಲ್ಲ. ಮುಗೀತು.”

“ಹರದೈತೇನ್ ನೋಡಲೇ!”

“ಹರದಿಲ್ಲಲೇ. ‘ಮುಗಿಯಿತು’ ಅಂತ ಬರದೈತಿ.”

ಗದ್ದಲವೋ ಗದ್ದಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎರಡೂ ಕೈ ಮೇಲಕ್ಕೆತ್ತಿದೆ. ಅಜ್ಜಿ ಕಾಯನ್ನು ಉಡಿಯಲ್ಲಿ ಇಟ್ಟುಕೊಂಡು, “ಮುಟ್ಟಿಲ್ಲಂದ್ರ ನಾ ಕಾಯಿ ಒಡಿಯಂಗಿಲ್ಲ ನೋಡ್ರಿ” ಎಂದಳು. ಇಷ್ಟು ವರ್ಷಕ್ಕೆ ಕೊನೇ ಪುಟಕ್ಕೆ ಬಂದೆ, ಬಂದದ್ದು ಹೀಗಾಯಿತಲ್ಲ ಎಂದುಕೊಂಡೆ.

ಕುರ್ಚಿಯ ಮೇಲಿನವಳು ಒಂದು ಸಲ ಕೆಮ್ಮಿದಳು. ಗದ್ದಲ ಇಳಿಯಿತು.

“ಅಂದ್ರ ಏನಪಾ ಅಂದ್ರ,” ಎಂದು ಶುರು ಮಾಡಿ ನಿಂತಳು. ಮುಂದಿನ ಮಾತು ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಬಾಗಿಲ ಕಡೆ ನೋಡಿದಳು, ಅಜ್ಜಿಯ ಕಡೆ. “ಸಂಜೀಕ ನಾವು ಊರ ಅಗಸಿ ಬಾಗಿಲದಾಗ ಆಡಕೋತ ಇರ್ತೀವಿ. ನಮ್ಮಜ್ಜಿ ಕಟ್ಟಿ ಮ್ಯಾಗ ನಿಂತು ನನ್ನ ಹೆಸರಾ ಹಿಡದು ಒದರ್ತಾಳ. ಅಷ್ಟು ದೂರದಾಗ ಅಕಿ ಕಾಣಂಗಿಲ್ಲ. ದನಿ ಕೇಳ್ತೈತಿ. ನಾ ಆಟಾ ಬಿಟ್ಟು ಹೊಳ್ಳತೀನಿ. ಅಷ್ಟ. ಆಮ್ಯಾಲ ಓಣಿ ದಾಟಿದ್ಲು, ಬಾಗಿಲಾ ತಗದ್ಲು, ಕಾಲ ತೊಕ್ಕೊಂಡ್ಲು, ರೊಟ್ಟಿ ತಿಂದ್ಲು ಅಂತ ಎಲ್ಲಾ ಯಾಕ ಬರೀಬೇಕು? ಹೊಳ್ಳಿದ್ದು ಬರದ್ರ ಸಾಕಲ್ಲ.” ಆಮೇಲೆ ನನ್ನ ಬಾಜುದವನ ಕಡೆ ಬೆರಳು ಮಾಡಿ, “ನೀ ಕೇಳಿದ್ದಿಲ್ಲ, ಹಡಗಕ್ಕ ಹೊಟ್ಟಿ ಐತೇನು ಅಂತ? ಅದಕ್ಕ ಇಲ್ಲ. ತಾಟು ಬಡಿಯಾಕಿ ಅದಾಳಲ್ಲ, ಅದಕ್ಕ ಬರ್ತೈತಿ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, “ನಾ ಒದರಿದ್ದು ನಿನಗ ಕೇಳತಿತ್ತೇನ್ ಹಂಗಾರ? ದಿನಾ ಕೇಳ್ಲಿಲ್ಲ ಅಂತೀಯಲ್ಲ, ಖೋಡಿ!” ಎಂದಳು.

ನಾನು ಎದ್ದು ‘ಶಾಬಾಸ್’ ಎನ್ನಬೇಕೆಂದು ಬಾಯಿ ತೆರೆದೆ. ಸುಯ್ ಎಂದಿತು. ಗೋಡೆಯಾಚೆಯಿಂದ ಹೆಡ್ ಅಕ್ಕೋರು ಒದರಿದರು: “ಸಣ್ಣ ದನೀಲೆ ಹೇಳಿದ್ರ ಈಕಡಿ ಕೇಳಂಗಿಲ್ಲ! ಮುಟ್ಟಿದ್ನೋ ಇಲ್ಲೋ?”

“ಮುಟ್ಟಿದ್ರೀ!” ಎಂದಿತು ಇಡೀ ವರ್ಗ.

“ಇನ್ನೂ ಇಲ್ರಿ. ಹೊಳ್ಳ್ಯಾನ ಅಷ್ಟ,” ಎಂದ ನನ್ನ ಬಾಜುದವನು. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಅಜ್ಜಿ ಹೊರಗೆ ಹೋಗಿ ಬಾಗಿಲ ಕಲ್ಲಿಗೆ ಕಾಯಿ ಒಡೆದಳು. ಪುರಾಣಿಕರ ಮರ್ಯಾದೆ ಮೊದಲು: ಒಂದು ಹೋಳು ಓದಿದವನಿಗೆ, ಇನ್ನೊಂದು ಹೋಳು ಅರ್ಥ ಹೇಳಿದವಳಿಗೆ. ಅವರು ತಮ್ಮ ಹೋಳು ಒಡೆದು ಎಲ್ಲರಿಗೂ ಹಂಚಿದರು. ಕೇಳಲು ಬಂದ ಮಂದಿಯ ಸಾಲಿನಲ್ಲಿ ನಾನೂ ಅಂಗೈ ಚಾಚಿ ನಿಂತೆ. ಬೆರಳಿನಷ್ಟು ಒಂದು ಚೂರು ಬಿತ್ತು. ಬಾಯಿಗೆ ಹಾಕಿಕೊಳ್ಳಬೇಕು ಅನ್ನುವಷ್ಟರಲ್ಲಿ ಮಾತುಗಾರ್ತಿ ಬಂದು, “ಡಾಕ್ಟರ್ ಕೊಬ್ಬರಿ ಬ್ಯಾಡ ಅಂದಾರಂತ ಅಕ್ಕೋರು ಹೇಳಿದ್ರಲ್ರಿ ಸರ, ಗಂಟಲಾ ಕೆರಿತೈತಿ,” ಎಂದು ಅದನ್ನೂ ತೆಗೆದುಕೊಂಡು ಗೋಡೆಯಾಚೆ ಹೆಡ್ ಅಕ್ಕೋರಿಗೆ ಕೊಡಲು ಓಡಿದಳು.